ಪದವೀಧರರ ಎರಡನೆಯ ಮತ



ನಿಮ್ಮ ಮನೆಯಲ್ಲಿ ಬಿ.ಎ., ಬಿ.ಕಾಂ. ಅಥವಾ ಬಿ.ಎಸ್ಸಿ. ಮುಗಿಸಿದವರು ಯಾರಾದರೂ ಇದ್ದರೆ ಅವರನ್ನು ಕರೆದು ಒಂದು ಪ್ರಶ್ನೆ ಕೇಳಿ ನೋಡಿ: ‘ನಮ್ಮ ರಾಜ್ಯದ ಶಾಸಕಾಂಗಕ್ಕೆ ಸದಸ್ಯರನ್ನು ಆರಿಸಲು ನಿನಗೆ ಎಷ್ಟು ಮತಗಳಿವೆ?’ ಬಹಳ ಮಂದಿ ಥಟ್ಟನೆ ‘ಒಂದು’ ಎನ್ನುತ್ತಾರೆ. ಒಂದಲ್ಲ, ಎರಡು. ವಿಧಾನಸಭೆಗೆ ಒಂದು, ಪದವೀಧರರಾದ ಕಾರಣಕ್ಕೆ ವಿಧಾನ ಪರಿಷತ್ತಿಗೆ ಇನ್ನೊಂದು. ಪದವೀಧರರು ಪ್ರೌಢಶಾಲೆಯ ಶಿಕ್ಷಕರೂ ಆಗಿದ್ದರೆ ಶಿಕ್ಷಕರ ಕ್ಷೇತ್ರದ ಲೆಕ್ಕದಲ್ಲಿ ಮೂರನೆಯದೂ ಸೇರುತ್ತದೆ. ಆದರೆ ಈ ಎರಡನೆಯ ಮತ ಮೊದಲನೆಯದರಂತೆ ಜೀವನಪರ್ಯಂತ ನಮ್ಮ ಜೊತೆಗಿರುವುದಿಲ್ಲ. ಪ್ರತಿ ಬಾರಿಯೂ ಅಳಿಸಿಹೋಗುತ್ತದೆ. ಮತ್ತೆ ಕೇಳಿದರಷ್ಟೇ ಬರುತ್ತದೆ.

ಇದನ್ನು ನಾನು ತಿಳಿದುಕೊಂಡದ್ದು ಪುಸ್ತಕದಿಂದಲ್ಲ, ಪೆಟ್ಟು ತಿಂದು. 2024ರ ಜೂನ್ 3ರ ಸೋಮವಾರ ಈಶಾನ್ಯ ಪದವೀಧರ ಕ್ಷೇತ್ರದ ಮತದಾನ. ನಾನು ಕಲಬುರಗಿಯಲ್ಲಿ ವಾಸ. 2018ರಲ್ಲಿ ಮತ ಹಾಕಿದ್ದೆ; ಹೆಸರು ಹೇಗಿದ್ದರೂ ಇದ್ದೇ ಇರುತ್ತದೆ ಎಂಬ ಧೈರ್ಯದ ಮೇಲೆ ಬೆಳಿಗ್ಗೆ ಮತಗಟ್ಟೆಗೆ ಹೋದೆ. ಪಟ್ಟಿಯಲ್ಲಿ ಹೆಸರಿಲ್ಲ. ಸಿಬ್ಬಂದಿ ಎರಡು ಬಾರಿ ಹುಡುಕಿ, ‘ಹೊಸದಾಗಿ ಅರ್ಜಿ ಕೊಟ್ಟಿದ್ದಿರಾ ಸರ್?’ ಎಂದು ಕೇಳಿದರು. ಕೊಟ್ಟಿರಲಿಲ್ಲ. ತಪ್ಪು ಅವರದಲ್ಲ. ಹತ್ತಾರು ಬಾರಿ ಚುನಾವಣೆಯ ಕಾರ್ಯಕ್ರಮ ಮಾಡಿ, ಮತದಾನದ ಮಹತ್ವದ ಬಗ್ಗೆ ಊರಿಗೆಲ್ಲ ಹೇಳಿದ ಮನುಷ್ಯನೇ ತನ್ನ ಮತವನ್ನು ಕಳೆದುಕೊಂಡಿದ್ದ.

ಅಂದು ರಜೆ ಇತ್ತು. ಮಧ್ಯಾಹ್ನ ಹುಮನಾಬಾದಿಗೆ, ದೊಡ್ಡವ್ವನ ಮನೆಗೆ ಹೋದೆ. ಕಲಬುರಗಿಯಿಂದ ಎರಡು ತಾಸಿನ ದಾರಿಯೂ ಅಲ್ಲ. ಅಲ್ಲಿ ನನ್ನ ತಮ್ಮ, ಅಂದರೆ ದೊಡ್ಡವ್ವನ ಮಗ, ಆಗತಾನೇ ಮತ ಹಾಕಿ ಬಂದು ಬೆರಳು ತೋರಿಸುತ್ತ ಕೂತಿದ್ದ. ಲೋಕಸಭೆಗೆ ಮೇ 7ರಂದು ಹಾಕಿಸಿಕೊಂಡ ಮಸಿಯೇ ಉಗುರಿನ ಬುಡದಲ್ಲಿ ಪೂರ್ತಿ ಮಾಸಿರಲಿಲ್ಲ. ದೊಡ್ಡವ್ವ ಹೆಸರು, ಉದ್ದಿನ ಬಿತ್ತನೆ ಬೀಜ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಕೇಳಿದಳು: ‘ಮತ್ತ ಯಾವ ಓಟೋ ಇದು? ನಮ್ಮನ್ನ ಯಾರೂ ಕರೀಲೇ ಇಲ್ಲಲ್ಲ.’

ತಮ್ಮ ವಿವರಿಸಿದ. ಕಲಿತವರಿಗೆ ಮಾತ್ರ ಇರುವ ಓಟು, ಡಿಗ್ರಿ ಆಗಿರಬೇಕು, ಇತ್ಯಾದಿ.

‘ಹಂಗಾದ್ರ ನಿನಗ ಎರಡು ಓಟು, ನನಗ ಒಂದೇನೋ? ಯಾಕಪ್ಪಾ, ಮಳಿ ನಿನ್ನ ಹೊಲಕ್ಕ ಎರಡು ಸಲ ಬರ್ತದೇನು?’

ಇಬ್ಬರು ಪದವೀಧರರು ಎದುರಿಗಿದ್ದೆವು. ಇಬ್ಬರಿಗೂ ಉತ್ತರ ಹೊಳೆಯಲಿಲ್ಲ. ಇಂದಿನ ಮಾತು ಆ ಪ್ರಶ್ನೆಯ ಬೆನ್ನು ಹತ್ತಿ ಹೊರಟದ್ದು.

ಮೊದಲು ವ್ಯವಸ್ಥೆಯನ್ನು ಸ್ವಲ್ಪದರಲ್ಲಿ ನೋಡೋಣ. ಕರ್ನಾಟಕ ವಿಧಾನ ಪರಿಷತ್ತಿನಲ್ಲಿ 75 ಸ್ಥಾನಗಳು. 25 ಮಂದಿಯನ್ನು ವಿಧಾನಸಭೆಯ ಸದಸ್ಯರು, ಇನ್ನು 25 ಮಂದಿಯನ್ನು ಗ್ರಾಮ ಪಂಚಾಯತಿ, ಪುರಸಭೆ, ನಗರಸಭೆಗಳಂತಹ ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. 11 ಮಂದಿ ನಾಮಕರಣಗೊಂಡವರು. ಉಳಿದ 14ರಲ್ಲಿ 7 ಪದವೀಧರರಿಗೆ, 7 ಶಿಕ್ಷಕರಿಗೆ. ಸದಸ್ಯರ ಅವಧಿ ಆರು ವರ್ಷ. ಮನೆ ಎಂದೂ ಪೂರ್ತಿ ವಿಸರ್ಜನೆ ಆಗುವುದಿಲ್ಲ, ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಭಾಗ ನಿವೃತ್ತಿಯಾಗುತ್ತದೆ. ಸಂವಿಧಾನದ 171ನೆಯ ವಿಧಿಯಲ್ಲಿ ಈ ಪಾಲುಗಾರಿಕೆಯ ಲೆಕ್ಕ ಇದೆ.

ಪದವೀಧರ ಕ್ಷೇತ್ರಗಳಲ್ಲಿ ಬೆಂಗಳೂರನ್ನು ಬಿಟ್ಟರೆ ಉಳಿದವಕ್ಕೆಲ್ಲ ದಿಕ್ಕಿನ ಹೆಸರು: ಆಗ್ನೇಯ, ನೈರುತ್ಯ, ದಕ್ಷಿಣ, ಪಶ್ಚಿಮ, ವಾಯವ್ಯ, ಈಶಾನ್ಯ. ಈಶಾನ್ಯ ನಮ್ಮದು. ವಾಸ್ತು ಹೇಳುವವರ ಪ್ರಕಾರ ಅದು ದೇವಮೂಲೆ. ರಾಜ್ಯದ ಈ ಮೂಲೆಯನ್ನು ಬಹಳ ಕಾಲ ದೇವರ ಪಾಲಿಗೇ ಬಿಟ್ಟಿದ್ದರೆಂಬುದನ್ನು ನೆನೆದರೆ ಹೆಸರು ಸರಿಯಾಗಿಯೇ ಇದೆ ಎನ್ನಬೇಕು! ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗಳು, 41 ವಿಧಾನಸಭಾ ಕ್ಷೇತ್ರಗಳು ಸೇರಿ ಒಬ್ಬನೇ ಪದವೀಧರ ಪ್ರತಿನಿಧಿ. 2011ರ ಜನಗಣತಿಯಲ್ಲಿಯೇ ಒಂದು ಕೋಟಿ ದಾಟಿದ್ದ ಜನಸಂಖ್ಯೆ; 2024ರ ಪದವೀಧರ ಮತದಾರರು ಸುಮಾರು ಒಂದೂವರೆ ಲಕ್ಷ. ಬಸವಕಲ್ಯಾಣದ ಗಡಿಯ ಹಳ್ಳಿಯಿಂದ ಹೊರಟ ಅಭ್ಯರ್ಥಿ ತುಂಗಭದ್ರೆಯ ದಂಡೆಯವರೆಗೂ ಹೋಗಿ ಮತ ಕೇಳಬೇಕು.

ನಮ್ಮ ಭಾಗಕ್ಕೆ ಈ ಮೇಲ್ಮನೆ ತಡವಾಗಿ ಬಂದದ್ದು. ಮೈಸೂರು ಸಂಸ್ಥಾನದಲ್ಲಿ 1907ರಲ್ಲಿಯೇ ಶಾಸನ ಪರಿಷತ್ತು ಹುಟ್ಟಿತ್ತು. ಇತ್ತ ಬೀದರ ಸೀಮೆ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಡಳಿತದಲ್ಲಿತ್ತು. 1952ರ ಚುನಾವಣೆಯಲ್ಲಿ ಹೈದರಾಬಾದ್ ರಾಜ್ಯಕ್ಕೆ 175 ಸದಸ್ಯರ ವಿಧಾನಸಭೆ ಬಂದಿತಾದರೂ ಮೇಲ್ಮನೆ ಇರಲಿಲ್ಲ. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೂರು ಹೋಳಾಯಿತು. ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ನಾವು ಮೈಸೂರಿಗೆ. ಕಲ್ಯಾಣಿ ಎಂದು ಕಾಗದಪತ್ರಗಳಲ್ಲಿದ್ದ ಊರು ಬಸವಕಲ್ಯಾಣವಾಯಿತು. ಆರುನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿನಲ್ಲಿ ನಮಗೂ ಒಂದು ಹಿರಿಯರ ಮನೆ ಸಿಕ್ಕಿತು.

ಪದವೀಧರರಿಗೆ ಪ್ರತ್ಯೇಕ ಸ್ಥಾನ ಏಕೆ ಎಂಬ ಪ್ರಶ್ನೆಗೆ ಆ ಕಾಲದಲ್ಲಿ ಒಂದು ಉತ್ತರ ಇತ್ತು. 1951ರಲ್ಲಿ ದೇಶದ ಸಾಕ್ಷರತೆ ಶೇಕಡಾ 18ರ ಆಸುಪಾಸು. ಪದವೀಧರನೆಂದರೆ ತಾಲ್ಲೂಕಿಗೆ ಬೆರಳೆಣಿಕೆಯಷ್ಟು. ಚುನಾವಣೆಯ ಗದ್ದಲದಲ್ಲಿ ಗೆಲ್ಲಲಾಗದ, ಆದರೆ ಮಸೂದೆಯನ್ನು ಸಾಲುಸಾಲಾಗಿ ಓದಬಲ್ಲ ನಾಲ್ಕು ಜನ ಇರಲಿ ಎಂಬ ಆಸೆ. ಆ ಆಸೆ ಪೂರ್ತಿ ಹುಸಿಯಾಗಲಿಲ್ಲ. ಪಶ್ಚಿಮ ಪದವೀಧರ ಕ್ಷೇತ್ರದಿಂದ ಎಚ್.ಕೆ. ಪಾಟೀಲ, ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ 1980ರಿಂದ ಸತತ ಎಂಟು ಬಾರಿ ಗೆದ್ದ ಬಸವರಾಜ ಹೊರಟ್ಟಿ ಇಂತಹವರು ಈ ಬಾಗಿಲಿನಿಂದಲೇ ಒಳಗೆ ಬಂದವರು. ಆದರೆ ಇಂತಹ ವ್ಯವಸ್ಥೆಯ ತವರಾದ ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮುಂತಾದ ವಿಶ್ವವಿದ್ಯಾಲಯಗಳಿಗಿದ್ದ ಪಾರ್ಲಿಮೆಂಟ್ ಸ್ಥಾನಗಳನ್ನು 1948ರ ಕಾಯಿದೆಯೇ ತೆಗೆದುಹಾಕಿತ್ತು. ಒಬ್ಬನಿಗೆ ಒಂದೇ ಮತ ಎಂಬ ತತ್ವಕ್ಕೆ ಅದು ಒಗ್ಗುವುದಿಲ್ಲ ಎಂದು ಅಲ್ಲಿಯವರು ತೀರ್ಮಾನಿಸಿದ ಹೊತ್ತಿನಲ್ಲೇ ನಾವು ಅದನ್ನು ಸಂವಿಧಾನದಲ್ಲಿ ಬರೆದುಕೊಂಡೆವು.

ಇನ್ನೊಂದು ಸ್ವಾರಸ್ಯ ಕೇಳಿ. ಮತ ಹಾಕಲು ಪದವಿ ಕಡ್ಡಾಯ, ಸ್ಪರ್ಧಿಸಲು ಅಲ್ಲ! ಪದವೀಧರ ಕ್ಷೇತ್ರದ ಅಭ್ಯರ್ಥಿ ಪದವೀಧರನೇ ಆಗಿರಬೇಕೆಂದಿಲ್ಲ ಎಂದು ಮದ್ರಾಸಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1972ರಲ್ಲಿಯೇ ಹೇಳಿದೆ. ಮೂವತ್ತು ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರನಾಗಿರಬೇಕು, ಅಷ್ಟೇ. ಅಂದರೆ ನಮ್ಮ ದೊಡ್ಡವ್ವ ಈ ಕ್ಷೇತ್ರದಿಂದ ನಿಂತು ಗೆಲ್ಲಬಹುದು, ಆದರೆ ತನಗೆ ತಾನು ಮತ ಹಾಕಿಕೊಳ್ಳಲಾರಳು. ಅವಳಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ನಕ್ಕಳು.

ಹುಮನಾಬಾದಿನ ಮಾತು ಬಂತಲ್ಲ. ಪರಿಷತ್ತಿನ ಚುನಾವಣೆಯನ್ನು ಅರಿಯಲು ರಾಜ್ಯದಲ್ಲಿ ಇದಕ್ಕಿಂತ ಒಳ್ಳೆಯ ಊರಿಲ್ಲ. ಈಶಾನ್ಯ ಪದವೀಧರ ಕ್ಷೇತ್ರದಿಂದ 2018ರಲ್ಲಿಯೂ 2024ರಲ್ಲಿಯೂ ಗೆದ್ದವರು ಕಾಂಗ್ರೆಸ್ಸಿನ ಡಾ. ಚಂದ್ರಶೇಖರ ಪಾಟೀಲ ಹುಮನಾಬಾದ್. ಬೀದರ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ 2021ರ ಡಿಸೆಂಬರಿನಲ್ಲಿ ಬಿಜೆಪಿಯ ಪ್ರಕಾಶ ಖಂಡ್ರೆ ಅವರನ್ನು ಸೋಲಿಸಿ ಗೆದ್ದವರು ಅವರ ಸಹೋದರ ಭೀಮರಾವ್ ಪಾಟೀಲ. ಇನ್ನೊಬ್ಬ ಸಹೋದರ ರಾಜಶೇಖರ ಪಾಟೀಲ ಆಗ ಹುಮನಾಬಾದ್ ವಿಧಾನಸಭಾ ಕ್ಷೇತ್ರದ ಶಾಸಕರು. ಹೀಗೆ 2022ರ ಆರಂಭದಿಂದ 2023ರ ಮೇ ತಿಂಗಳವರೆಗೆ ಒಂದೇ ಮನೆಯ ಮೂವರು ಸಹೋದರರು ಮೂರು ಬೇರೆ ಬೇರೆ ಬಾಗಿಲುಗಳಿಂದ ವಿಧಾನಸೌಧದೊಳಗೆ ಕೂತಿದ್ದರು. 2023ರಲ್ಲಿ ಬಿಜೆಪಿಯ ಸಿದ್ದು ಪಾಟೀಲ ಗೆದ್ದು ಮೂರರಲ್ಲಿ ಒಂದು ಬಾಗಿಲು ಮುಚ್ಚಿತು.

ಪಕ್ಕದ ಬಸವಕಲ್ಯಾಣದಲ್ಲಿ ದಾರಿ ತಿರುವುಮುರುವಾಗಿತ್ತು. ಮುಖ್ಯಮಂತ್ರಿಯಾಗಿದ್ದ ಧರಂಸಿಂಗ್ ಅವರ ಪುತ್ರ ವಿಜಯಸಿಂಗ್ ಭೀಮರಾವ್ ಪಾಟೀಲರಿಗಿಂತ ಮೊದಲು ಇದೇ ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಪರಿಷತ್ ಸದಸ್ಯರು. ಅವರು 2023ರಲ್ಲಿ ನೇರವಾಗಿ ಜನರ ಮುಂದೆ, ಬಸವಕಲ್ಯಾಣ ವಿಧಾನಸಭೆಗೆ ನಿಂತಾಗ ಬಿಜೆಪಿಯ ಶರಣು ಸಲಗರ ಎದುರು ಸೋತರು. ಸಲಗರ ಅವರು ಅದಕ್ಕೂ ಮೊದಲು, ಕೊರೊನಾದಿಂದ ತೀರಿಕೊಂಡ ಬಿ. ನಾರಾಯಣರಾವ್ ಅವರಿಂದ ತೆರವಾದ ಸ್ಥಾನಕ್ಕೆ 2021ರ ಏಪ್ರಿಲ್ 17ರಂದು ನಡೆದ ಉಪಚುನಾವಣೆಯಲ್ಲಿ ಗೆದ್ದಿದ್ದವರು.

ನಾನು ಯಾವ ಮನೆತನವನ್ನೂ ದೂರುತ್ತಿಲ್ಲ. ಜನ ಆರಿಸಿದ್ದಾರೆ, ಅವರು ಗೆದ್ದಿದ್ದಾರೆ. ನನಗೆ ಕಾಣುವುದು ಬೇರೆ. ರೈತ, ಕೂಲಿಕಾರರೆಲ್ಲ ಸೇರಿ ಆರಿಸುವ ಮನೆಯೊಂದು. ಪಂಚಾಯತಿ ಸದಸ್ಯರು ಆರಿಸುವ ಸ್ಥಾನ ಒಂದು. ಓದಿದವರು ಆರಿಸುವ ಸ್ಥಾನ ಒಂದು. ಮೂರು ಗುಂಪಿನವರು ಮೂರು ತರಹ ಯೋಚಿಸಿ ಮೂರು ತರಹದವರನ್ನು ಕಳಿಸಲಿ ಎಂಬುದು ಸಂವಿಧಾನ ಬರೆದವರ ಎಣಿಕೆ. ಕೊನೆಗೆ ಮೂರು ಜರಡಿ ಹಿಡಿದರೂ ಕೆಳಗೆ ಬೀಳುವುದು ಒಂದೇ ಕಾಳು ಎಂದಾದರೆ ಜರಡಿಯನ್ನು ಒಮ್ಮೆ ತಿರುಗಿಸಿ ನೋಡಬೇಕಾಗುತ್ತದೆ.

ಪದವೀಧರರ ಜರಡಿಯ ತೂತು ಎಲ್ಲಿದೆ? ಮತದಾರರ ಪಟ್ಟಿಯಲ್ಲಿ. ಇದು ನಾನು ಮುಖ್ಯವಾಗಿ ಹೇಳಬೇಕಾದ ಮಾತು.

ವಿಧಾನಸಭೆಯ ಪಟ್ಟಿಗೆ ಒಮ್ಮೆ ಸೇರಿದರೆ ಮುಗಿಯಿತು. ಮನೆಗೆ ಸಿಬ್ಬಂದಿ ಬರುತ್ತಾರೆ, ತಿದ್ದುತ್ತಾರೆ, ಸತ್ತವರ ಹೆಸರು ತೆಗೆಯುತ್ತಾರೆ. ಪದವೀಧರರ ಪಟ್ಟಿ ಹಾಗಲ್ಲ. ಪ್ರತಿ ಚುನಾವಣೆಗೆ ಹಳೆಯದನ್ನು ಬದಿಗಿಟ್ಟು ಖಾಲಿ ಹಾಳೆಯಿಂದ ಆರಂಭಿಸುತ್ತಾರೆ. ಚುನಾವಣೆಗೆ ಮೊದಲು ಬರುವ ನವೆಂಬರ್ 1 ಅರ್ಹತಾ ದಿನ. ಆ ದಿನಕ್ಕೆ ಪದವಿ ಪಡೆದು ಮೂರು ವರ್ಷ ತುಂಬಿರಬೇಕು, ಕ್ಷೇತ್ರದಲ್ಲಿ ವಾಸವಿರಬೇಕು. ನಮೂನೆ 18ನ್ನು ತುಂಬಿ, ಭಾವಚಿತ್ರ ಅಂಟಿಸಿ, ದೃಢೀಕರಿಸಿದ ಪದವಿ ಪ್ರಮಾಣಪತ್ರದ ಪ್ರತಿಯೊಂದಿಗೆ ಕೊಡಬೇಕು. ಶಿಕ್ಷಕರಿಗಾದರೆ ನಮೂನೆ 19.

ಕೆಲಸ ಕಷ್ಟದ್ದಲ್ಲ. ಆದರೆ ಯಾರು ಮಾಡುತ್ತಾರೆ? ಚುನಾವಣೆ ಏಳೆಂಟು ತಿಂಗಳು ದೂರವಿದೆ, ಅಭ್ಯರ್ಥಿ ಯಾರೆಂದು ಗೊತ್ತಿಲ್ಲ, ಪತ್ರಿಕೆಯ ಒಳಪುಟದಲ್ಲಿ ಒಂದು ಪ್ರಕಟಣೆ ಬಂದು ಹೋಗುತ್ತದೆ. ಆಗ ಎಚ್ಚರವಾಗಿರುವವರು ನಿಲ್ಲಬೇಕೆಂದಿರುವವರು, ಅವರ ಬಳಗದವರು. ಅವರ ಹುಡುಗರು ಮನೆಮನೆಗೆ, ಶಾಲೆ ಕಾಲೇಜಿಗೆ, ಕಚೇರಿಗೆ ಫಾರಂ ಹಿಡಿದು ಬರುತ್ತಾರೆ. ‘ಸರ್ಟಿಫಿಕೇಟ್ ಝೆರಾಕ್ಸ್ ಒಂದು ಕೊಡ್ರಿ ಸರ್, ಉಳಿದದ್ದು ನಾವ್ ನೋಡ್ಕೋತೀವಿ.’ ಯಾರೋ ಗಂಟು ಕಟ್ಟಿ ತಂದ ಅರ್ಜಿಗಳನ್ನು ಸ್ವೀಕರಿಸಬಾರದು, ಮನೆಯವರ ಅರ್ಜಿಯನ್ನು ಮನೆಯವರು, ಸಿಬ್ಬಂದಿಯ ಅರ್ಜಿಯನ್ನು ಸಂಸ್ಥೆಯ ಮುಖ್ಯಸ್ಥರು ತರಬಹುದು ಎಂದು ಚುನಾವಣಾ ಆಯೋಗದ ನಿಯಮ ಇದೆ. ಇದ್ದರೂ ಮನೆಬಾಗಿಲಿಗೆ ಫಾರಂ ಯಾರು ತರುತ್ತಾರೆ ಎಂಬುದನ್ನು ಯಾವ ನಿಯಮ ತಡೆದೀತು? ತಮಗೆ ಬೇಕಾದ ಮನೆಗೆ ಬರುತ್ತಾರೆ. ಬೇಡವಾದ ಮನೆಯನ್ನು ದಾಟಿ ಹೋಗುತ್ತಾರೆ. ಮತದಾರ ಅಭ್ಯರ್ಥಿಯನ್ನು ಆರಿಸುವುದಕ್ಕೆ ಆರು ತಿಂಗಳು ಮೊದಲೇ ಅಭ್ಯರ್ಥಿ ಮತದಾರನನ್ನು ಆರಿಸಿ ಮುಗಿಸಿರುತ್ತಾನೆ!

ಹೋದ ವರ್ಷಗಳಲ್ಲಿ ಒಂದು ಚಿತ್ರೀಕರಣಕ್ಕೆಂದು ಬಸವಕಲ್ಯಾಣಕ್ಕೆ ಹೋಗಿದ್ದಾಗ ಹೆದ್ದಾರಿಯ ಸಸ್ತಾಪುರ ಬಂಗ್ಲಾ ಹತ್ತಿರ ಚಹಾಕ್ಕೆ ನಿಂತಿದ್ದೆವು. ಪಕ್ಕದಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗ ನಮ್ಮ ಕ್ಯಾಮೆರಾ ನೋಡಿ ಮಾತಿಗೆ ಬಂದ. ಬಿ.ಎಸ್ಸಿ., ಅದೂ ನನ್ನದೇ ಭೌತಶಾಸ್ತ್ರ. ಪದವೀಧರ ಕ್ಷೇತ್ರಕ್ಕೆ ಓಟು ಹಾಕಿದೆಯಾ ಎಂದೆ. ‘ಫಾರಂ ಯಾರೂ ತರ್ಲಿಲ್ರಿ ಸರ್’ ಎಂದ. ತರಿಸಿಕೊಳ್ಳುವುದಲ್ಲ, ನೀನೇ ಹೋಗಿ ಕೊಡುವುದು ಎಂದಾಗ ಅವನಿಗೆ ಆಶ್ಚರ್ಯ. ಅದೇ ಹುಡುಗ 371(ಜೆ) ಅರ್ಹತಾ ಪ್ರಮಾಣಪತ್ರಕ್ಕಾಗಿ ಉಪವಿಭಾಗಾಧಿಕಾರಿಗಳ ಕಚೇರಿಗೆ ನಾಲ್ಕು ಸಲ ಅಲೆದಿದ್ದ. ಅದನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಆ ವಿಧಿ 2012ರ ಸಂವಿಧಾನ ತಿದ್ದುಪಡಿಯಿಂದ ಬಂದದ್ದು. ನಮ್ಮ ಹುಡುಗ ಹುಡುಗಿಯರಿಗೆ ನೌಕರಿಯಲ್ಲಿ, ಪ್ರವೇಶದಲ್ಲಿ ಮೀಸಲಾತಿ ಸಿಕ್ಕಿದ್ದು ಅದರಿಂದ. ಆ ಮೀಸಲು ಹುದ್ದೆಗಳು ತುಂಬಿದವೇ, ಖಾಲಿ ಉಳಿದವೇ ಎಂದು ಸದನದಲ್ಲಿ ಎದ್ದು ಕೇಳಬೇಕಾದವರಲ್ಲಿ ಮೊದಲಿಗರು ಈ ಪದವೀಧರ ಪ್ರತಿನಿಧಿ. ಹುಡುಗ ಒಂದು ಕಾಗದಕ್ಕೆ ನಾಲ್ಕು ಸಲ ಅಲೆದ. ಆ ಕಾಗದದ ಪರವಾಗಿ ಮಾತಾಡುವವರನ್ನು ಆರಿಸುವ ಇನ್ನೊಂದು ಕಾಗದ ತಾನಾಗಿ ಮನೆಗೆ ಬರಲೆಂದು ಕಾದ. ನಗಬೇಕೆನಿಸಿತು. ನಗುವ ಹಕ್ಕು ನನಗೆಲ್ಲಿಯದು?

ಇನ್ನು ಮತ ಹಾಕುವ, ಎಣಿಸುವ ರೀತಿ. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಸ್ವಲ್ಪ ನಿಲ್ಲುವ ಆಸೆ, ದಯವಿಟ್ಟು ಸಹಿಸಿಕೊಳ್ಳಿ.

ಇಲ್ಲಿ ಯಂತ್ರ ಇಲ್ಲ, ಮತಪತ್ರ. ಗುಂಡಿ ಒತ್ತುವುದಿಲ್ಲ, ಅಂಕಿ ಬರೆಯಬೇಕು. ಮೊದಲ ಆಯ್ಕೆಯವರ ಎದುರು 1, ಅವರು ಅಲ್ಲದಿದ್ದರೆ ಇವರು ಎಂಬವರ ಎದುರು 2, ಹೀಗೆ ಮುಂದೆ. ಕನ್ನಡದ ಅಂಕಿಯೂ ನಡೆಯುತ್ತದೆ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನಿನಿಂದಲೇ ಬರೆಯಬೇಕು. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ, ಟಿಕ್ ಹಾಕಿದರೆ, ಇಬ್ಬರಿಗೆ 1 ಕೊಟ್ಟರೆ, ಸಹಿ ಮಾಡಿದರೆ ಮತ ಅಸಿಂಧು. ಡಿಗ್ರಿ ಓದಿದವರ ಈ ಚುನಾವಣೆಯಲ್ಲಿ ಅಸಿಂಧುವಾಗುವ ಮತಗಳು ಸಾವಿರಗಳ ಲೆಕ್ಕದಲ್ಲಿರುತ್ತವೆ. ನಮ್ಮ ಶಿಕ್ಷಣದ ಬಗ್ಗೆ ಅದೊಂದು ಷರಾ. ಸಹಿ ಮಾಡಿ ಅಭ್ಯಾಸವಾದ ಅಧಿಕಾರಿಗಳು ಮತಪತ್ರದ ಮೇಲೂ ಸಹಿ ಮಾಡಿಬಿಡುತ್ತಾರಂತೆ!

ಗೆಲ್ಲಲು ಸಿಂಧು ಮತಗಳ ಅರ್ಧ, ಅದರ ಮೇಲೊಂದು ಬೇಕು. ಒಂದು ಕಲ್ಪಿತ ಲೆಕ್ಕ ನೋಡೋಣ. ಸಿಂಧು ಮತಗಳು 1000 ಎನ್ನಿ, ಗೆಲ್ಲಲು 501. ಮೊದಲ ಎಣಿಕೆಯಲ್ಲಿ ರಾಮನಿಗೆ 420, ಭೀಮನಿಗೆ 380, ಸೋಮನಿಗೆ 120, ಕಾಮನಿಗೆ 80. ಯಾರೂ 501 ಮುಟ್ಟಲಿಲ್ಲ. ಕೊನೆಯ ಕಾಮನನ್ನು ಕೈಬಿಟ್ಟು ಅವನ 80 ಮತಪತ್ರಗಳಲ್ಲಿ 2 ಎಂದು ಯಾರ ಎದುರು ಇದೆ ನೋಡುತ್ತಾರೆ. ರಾಮನಿಗೆ 30, ಭೀಮನಿಗೆ 40 ಹೋದವು. 10 ಜನ 2 ಬರೆದೇ ಇಲ್ಲ. ಮುಂದೆ ಸೋಮನ ಸರದಿ: ಅವನ 120ರಲ್ಲಿ ರಾಮನಿಗೆ 25, ಭೀಮನಿಗೆ 65, ಬರೆಯದೆ ಬಿಟ್ಟವು 30. ಈಗ ರಾಮ 475, ಭೀಮ 485. ಮೊದಲ ಎಣಿಕೆಯಲ್ಲಿ 40 ಮತ ಹಿಂದಿದ್ದ ಭೀಮ ಗೆದ್ದ, ಅಂತರ 10. ಎರಡನೆಯ ಅಂಕಿ ಬರೆಯದೆ ಬಂದವರು 40 ಜನ. ಆ ನಲವತ್ತು ಜನ ಮನಸ್ಸು ಮಾಡಿದ್ದರೆ ಫಲಿತಾಂಶವೇ ಬೇರೆ ಆಗಬಹುದಿತ್ತು. ‘ನಮ್ಮವನಿಗೆ 1 ಬರೆದೆ, ಉಳಿದವರ ಹಂಗು ನನಗ್ಯಾಕೆ’ ಎಂದು ಎದೆ ಸೆಟೆಸಿ ಬರುವವರು ಈ ಲೆಕ್ಕ ಮಾಡುವುದಿಲ್ಲ.

ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಈ ಎಣಿಕೆ ಬಹಳ ಸತಾಯಿಸುತ್ತದೆ. ಪರದೆಯ ಮೂಲೆಯಲ್ಲಿ ‘ಮುನ್ನಡೆ’ ಎಂದು ಹಾಕಿದರೆ ಅದು ಸುಳ್ಳಾಗಬಹುದು. ಹಾಕದಿದ್ದರೆ ನೋಡುವವರು ಚಾನೆಲ್ ತಿರುಗಿಸುತ್ತಾರೆ. ಮತಪತ್ರಗಳನ್ನು ಬೇರೆಬೇರೆ ಮತಗಟ್ಟೆಯವು ಎಂದು ಗೊತ್ತಾಗದಂತೆ ಬೆರೆಸಬೇಕು, ಕಟ್ಟು ಕಟ್ಟಬೇಕು, ಒಂದೊಂದನ್ನೂ ಬಿಡಿಸಿ ನೋಡಬೇಕು. ರಾತ್ರಿ ಹೋಗಿ ಬೆಳಗಾದರೂ ಮುಗಿಯುವುದಿಲ್ಲ. ಆದರೂ ಪ್ರಾಮಾಣಿಕವಾಗಿ ಹೇಳುತ್ತೇನೆ: ನಾನು ನೋಡಿದ ಚುನಾವಣಾ ಪದ್ಧತಿಗಳಲ್ಲಿ ಮತದಾರನ ಮನಸ್ಸನ್ನು ಇಷ್ಟು ವಿವರವಾಗಿ ಕೇಳುವುದು ಇದೊಂದೇ.

ಬಸವಕಲ್ಯಾಣದ ಬಗ್ಗೆ ಬರೆದು ಅನುಭವ ಮಂಟಪದ ಮಾತೆತ್ತದೆ ಇರಲಾಗದು. ‘ಜಗತ್ತಿನ ಮೊದಲ ಪಾರ್ಲಿಮೆಂಟ್’ ಎಂದು ವೇದಿಕೆಗಳ ಮೇಲೆ ಹೇಳುವುದನ್ನು ನೀವೂ ಕೇಳಿರುತ್ತೀರಿ. ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಶಂಕುಸ್ಥಾಪನೆ ಮಾಡಿದಾಗಲೂ ಆ ಮಾತು ಬಂದಿತ್ತು. ನನಗೆ ಆ ಹೋಲಿಕೆ ಅಷ್ಟು ಒಪ್ಪಿಗೆಯಿಲ್ಲ. ಹನ್ನೆರಡನೆಯ ಶತಮಾನದ ಆ ಮಂಟಪಕ್ಕೆ ಯಾರನ್ನೂ ಯಾರೂ ಚುನಾಯಿಸಿರಲಿಲ್ಲ. ಅದು ತೆರಿಗೆ ಹಾಕುತ್ತಿರಲಿಲ್ಲ, ಕಾಯಿದೆ ಮಾಡುತ್ತಿರಲಿಲ್ಲ. ಆದರೆ ಅಲ್ಲಿಗೆ ಬಂದವರನ್ನು ಏನು ಕೇಳುತ್ತಿದ್ದರು ಎಂಬುದು ನಮ್ಮ ಇಂದಿನ ವಿಷಯಕ್ಕೆ ಹತ್ತಿರದ್ದು. ಅಂಬಿಗರ ಚೌಡಯ್ಯ ದೋಣಿ ನಡೆಸುವವನು, ಮಡಿವಾಳ ಮಾಚಯ್ಯ ಬಟ್ಟೆ ಒಗೆಯುವವನು, ನುಲಿಯ ಚಂದಯ್ಯ ಹಗ್ಗ ಹೊಸೆಯುವವನು. ಕಾಯಕವೇ ಅವರ ಪ್ರಮಾಣಪತ್ರ. ಅದನ್ನು ಯಾರೂ ದೃಢೀಕರಿಸಬೇಕಿರಲಿಲ್ಲ.

ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆ ಗೊತ್ತು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ; ನಮ್ಮ ಪಾಲಲ್ಲದ್ದು ಇಲ್ಲೇಕೆ, ಅಲ್ಲಿಯೇ ಚೆಲ್ಲಿ ಬಾ ಎಂದು ಕಳಿಸಿದಳು ಎನ್ನುತ್ತಾರೆ. ದೊಡ್ಡವ್ವ ಮೊರ ಕೆಳಗಿಟ್ಟು ‘ನಿನಗ ಎರಡು, ನನಗ ಒಂದೇನೋ’ ಎಂದದ್ದನ್ನು ನೆನೆದಾಗಲೆಲ್ಲ ನನಗೆ ಈ ಲಕ್ಕಮ್ಮ ನೆನಪಾಗುತ್ತಾಳೆ. ಪದವೀಧರನ ಎರಡನೆಯ ಮತ ಆ ಹೆಚ್ಚಿನ ಅಕ್ಕಿ. ಸಂವಿಧಾನ ತಿದ್ದುವವರೆಗೆ ಅದನ್ನು ಅಂಗಳದಲ್ಲಿ ಚೆಲ್ಲಿಬರಲು ಬರುವುದಿಲ್ಲ. ನಾವು ಬಿಟ್ಟರೆ ಅದು ದೊಡ್ಡವ್ವನಿಗೆ ಹೋಗುವುದಿಲ್ಲ, ಫಾರಂ ಹಿಡಿದು ತಿರುಗುವವರ ಚೀಲಕ್ಕೆ ಹೋಗುತ್ತದೆ. ಅದನ್ನು ಬಳಸುವವನು ಅಕ್ಕಿ ಯಾರ ಅಂಗಳದ್ದೆಂದು ನೆನಪಿಟ್ಟುಕೊಂಡರೆ ಅಷ್ಟರ ಮಟ್ಟಿಗೆ ಸರಿ.

ಇಷ್ಟೆಲ್ಲ ಮಾಡಿ ಆರಿಸಿದ ಸದಸ್ಯರಿಗೆ ಅಧಿಕಾರವಾದರೂ ಎಷ್ಟು ಎಂದು ನೀವು ಕೇಳಬಹುದು. ಹೆಚ್ಚಿಲ್ಲ. ವಿಧಾನಸಭೆ ಒಪ್ಪಿದ ಸಾಮಾನ್ಯ ಮಸೂದೆಯನ್ನು ಪರಿಷತ್ತು ಮೂರು ತಿಂಗಳು ತಡೆಯಬಹುದು. ಸಭೆ ಮತ್ತೆ ಒಪ್ಪಿ ಕಳಿಸಿದರೆ ಇನ್ನೊಂದು ತಿಂಗಳು. ಹಣಕಾಸು ಮಸೂದೆಯಾದರೆ ಹದಿನಾಲ್ಕೇ ದಿನ. 2024ರ ಫೆಬ್ರವರಿಯಲ್ಲಿ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಬಿದ್ದುಹೋಯಿತು. ಒಂದೇ ವಾರದಲ್ಲಿ ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿತು. ತಮಿಳುನಾಡು 1986ರಲ್ಲಿ ಮೇಲ್ಮನೆಯನ್ನೇ ಕೈಬಿಟ್ಟಿತು. ಆಂಧ್ರ 1985ರಲ್ಲಿ ಬಿಟ್ಟು 2007ರಲ್ಲಿ ಮತ್ತೆ ತಂದಿತು. ಬಸವಕಲ್ಯಾಣದ ಆಚೆಯ ಮಹಾರಾಷ್ಟ್ರದಲ್ಲೂ ಹುಮನಾಬಾದಿನ ಆಚೆಯ ತೆಲಂಗಾಣದಲ್ಲೂ ಪದವೀಧರ ಕ್ಷೇತ್ರಗಳಿವೆ. ಮೂರು ರಾಜ್ಯದ ಗಡಿಯಲ್ಲಿ ಮೂರು ಪಟ್ಟಿಗಳು ಅಳಿಸಿ ಅಳಿಸಿ ಬರೆಯಲ್ಪಡುತ್ತಿವೆ. ಇಂತಹ ಮನೆ ಬೇಕೇ ಬೇಡವೇ ಎಂಬ ವಾದದಲ್ಲಿ ನಾನಿನ್ನೂ ಒಂದು ಕಡೆ ನಿಂತಿಲ್ಲ. ಕಾಯಿದೆಗಳ ವಿಷಯದಲ್ಲಿ ನಾಲ್ಕು ತಿಂಗಳ ಪುರುಸೊತ್ತು ಕೆಲವೊಮ್ಮೆ ಒಳ್ಳೆಯದೆಂದು ಮಾತ್ರ ಅನಿಸುತ್ತದೆ.

ಈಶಾನ್ಯ ಪದವೀಧರ ಕ್ಷೇತ್ರದ ಈಗಿನ ಅವಧಿ ಮುಗಿಯುವುದು 2030ರಲ್ಲಿ. ಅಂದರೆ ಖಾಲಿ ಹಾಳೆ ತೆರೆಯುವುದು ಅದರ ಹಿಂದಿನ ವರ್ಷ. ನನ್ನ ಬಿ.ಎಸ್ಸಿ. ಪ್ರಮಾಣಪತ್ರವನ್ನು ಹುಡುಕಿ, ಎರಡು ಪ್ರತಿ ಮಾಡಿಸಿ, ಕವರಿನ ಮೇಲೆ ‘ನವೆಂಬರ್ 1’ ಎಂದು ದಪ್ಪಕ್ಷರದಲ್ಲಿ ಬರೆದು ಕಪಾಟಿನಲ್ಲಿ ಇಟ್ಟಿದ್ದೇನೆ.

ಹುಮನಾಬಾದಿಗೆ ಹೋದಾಗಲೆಲ್ಲ ದೊಡ್ಡವ್ವ ಕೇಳುತ್ತಾಳೆ: ‘ಹೆಸರು ಬರ್ಸಿದಿ ಏನೋ?’ ಇನ್ನೂ ವೇಳೆ ಬಂದಿಲ್ಲ ದೊಡ್ಡವ್ವ, 2029ಕ್ಕೆ ಎನ್ನುತ್ತೇನೆ. ಹೋದ ಸಲ ಬೆರಳು ಮಡಚಿ ವರ್ಷ ಎಣಿಸಿದಳು. ಆಮೇಲೆ ತೊಗರಿಯ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು ಹೇಳಿದಳು:

‘ಅಲ್ಲಿತನಕ ನಾ ಇರ್ತೀನೋ ಇಲ್ಲೋ. ಎರಡನೇದು ಬರೀವಾಗ ನಂದು ಭಿ ಒಂದು ವಿಚಾರ ಕೇಳಿ ಬರಿ.’